ನಂಬು ಪಿಸ್ತೂಲು ಲೂಗರ್‌ನ ನಕಲಲ್ಲ ಮಾರಾಯ್ರೇ

‘ಟೈಪ್ 14 ನಂಬು ಅಂದ್ರೆ ಜಪಾನಿನ ಲೂಗರ್ ತಾನೇ? ಒಳಗೂ ಹಾಗೇ ಇರುತ್ತಾ? ಅದನ್ನು ಕೊಳ್ಳೋದಾ, ಟೈಪ್ 94 ಕೊಳ್ಳೋದಾ?’ ಅಂತ ಕೇಳಿದ್ದೀರಿ. ಟೈಪ್ 14, ಟೈಪ್ 94 ಎರಡೂ ಜಪಾನಿನ ಹಳೆಯ ಸೇನಾ ಪಿಸ್ತೂಲುಗಳು, ಲೂಗರ್ ಜರ್ಮನಿಯದು. ನಾನೂ ಹೀಗೇ ಅಂದುಕೊಂಡು ಕೈ ಸುಟ್ಟುಕೊಂಡವನು.

ಇಲ್ಲೇ ಅಮೆರಿಕಾದಲ್ಲಿ ಒಂದು ಗನ್ ಶೋನಲ್ಲಿ, ಅಂದರೆ ಬಂದೂಕು ಮೇಳದಲ್ಲಿ, ಒಂದು ಟೈಪ್ 14 ಕೊಂಡೆ. ಬಲಗಡೆ ಶೋವಾ (ಚಕ್ರವರ್ತಿ ಹಿರೋಹಿತೋ ಆಳ್ವಿಕೆಯ ಶಕೆ) ಗುರುತು, ಪಕ್ಕದಲ್ಲಿ 13.5, ಅಂದರೆ ಆ ಶಕೆಯ 13ನೇ ವರ್ಷ, 5ನೇ ತಿಂಗಳು. ಹದಿಮೂರಕ್ಕೆ 1925 ಸೇರಿಸಿ, 1938ರ ಮೇ. ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ ಮೇಲೂ ಪಿಸ್ತೂಲಿನ ನಂಬರಿನ ಕೊನೆಯ ಮೂರು ಅಂಕಿ ಕೊರೆದಿತ್ತು. ಮಾರುವವನು ಅದನ್ನೇ ತೋರಿಸಿ, ಪಿನ್ನೂ ಮೂಲದ್ದೇ ಅಂತ ಜಾಸ್ತಿ ದುಡ್ಡು ಕಿತ್ತ.

ಲೂಗರ್‌ಗೂ ಇದಕ್ಕೂ ಹೋಲಿಕೆ ಹೊರಗಡೆ ಮಾತ್ರ. ಸಪೂರ ಬ್ಯಾರೆಲ್, ವಾಲಿದ ಹಿಡಿ, ಅಷ್ಟೇ. ಲೂಗರ್‌ನಲ್ಲಿ ಮೇಲೆ ಒಂದು ಕೀಲು ಮಡಿಚಿಕೊಂಡು ಏಳುತ್ತದೆ. ಇದನ್ನು ರೂಪಿಸಿದ ಕಿಜಿರೋ ನಂಬು ಆ ದಾರಿಗೇ ಹೋಗಲಿಲ್ಲ. ಇದರಲ್ಲಿ ಬ್ಯಾರೆಲ್ ಕೆಳಗೆ ಒಂದು ಸಣ್ಣ ಉಕ್ಕಿನ ತುಂಡು ತೂಗಾಡುತ್ತಾ ಇರುತ್ತದೆ, ಬಾಗಿಲಿನ ಚಿಲಕದ ಹಾಗೆ. ಗುಂಡು ಹಾರಿದಾಗ ಬ್ಯಾರೆಲ್ಲೂ, ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟೂ ಒಟ್ಟಿಗೇ ಒಂಚೂರು ಹಿಂದೆ ಸರಿಯುತ್ತವೆ. ಆಗ ಆ ತುಂಡು ಕೆಳಗಿಳಿದು ಬೋಲ್ಟನ್ನು ಬಿಟ್ಟುಕೊಡುತ್ತದೆ. ಬ್ಯಾರೆಲ್ ಅಲ್ಲೇ ನಿಲ್ಲುತ್ತದೆ. ಬೋಲ್ಟ್ ಒಂದೇ ಹಿಂದೆ ಹೋಗಿ ಖಾಲಿ ತೋಟಾವನ್ನು ಎಸೆಯುತ್ತದೆ, ಎರಡೂ ಪಕ್ಕದ ಸ್ಪ್ರಿಂಗ್‌ಗಳು ಅದನ್ನು ಮುಂದಕ್ಕೆ ತಳ್ಳುತ್ತವೆ, ಬರುವಾಗ ಹೊಸ ಗುಂಡು ತೂರಿಸುತ್ತದೆ. ಸುತ್ತಿಗೆ ಇಲ್ಲ. ಬೋಲ್ಟಿನೊಳಗಿನ ಪಿನ್ ಹಿಂದೆಯೇ ತಡೆದು ನಿಂತಿರುತ್ತದೆ, ಟ್ರಿಗರ್ ಎಳೆದರೆ ಅದೇ ನೇರ ಮುಂದೆ ಹಾರುತ್ತದೆ.

ನನ್ನ ದುಡ್ಡು ಹೋಗಿದ್ದು ಈ ಪಿನ್ನಿನಲ್ಲೇ. ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ಖಾಲಿ ಇದ್ದಾಗ ಬೋಲ್ಟ್ ಎಳೆದರೆ ತೆರೆದೇ ನಿಲ್ಲುತ್ತದೆ. ಮ್ಯಾಗಜೀನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡೋದಿಲ್ಲ, 1932ರ ಹೊತ್ತಿಗೆ ಆ ತಡೆ ಸೇರಿಸಿದ್ದರು. ನಾನು ಬುದ್ಧಿವಂತ ನೋಡಿ. ಮ್ಯಾಗಜೀನ್ ತೆಗೆದು ಬೋಲ್ಟ್ ಎಳೆದು ಬಿಟ್ಟೆ, ಪಿನ್ ಸಜ್ಜಾಯಿತು. ಆಮೇಲೆ ಖಾಲಿ ಮ್ಯಾಗಜೀನ್ ಹಾಕಿ ಟ್ರಿಗರ್ ಎಳೆದೆ. ಟಕ್. ಚೆನ್ನಾಗಿದೆಯಲ್ಲ ಅಂತ ಬಂದವರಿಗೆಲ್ಲ ಹಾಗೇ ತೋರಿಸಿದೆ. ಒಂದು ದಿನ ಆ ಸದ್ದು ಮಂದವಾಯಿತು. ಬಿಚ್ಚಿದರೆ ಪಿನ್ನಿನ ತುದಿ ಮುರಿದು ಬೋಲ್ಟಿನ ತೂತಿನಲ್ಲೇ ಸಿಕ್ಕಿಕೊಂಡಿದೆ. ಗುಂಡು ಇದ್ದಾಗ ಏಟನ್ನು ಅದರ ಹಿಂಬದಿಯ ಪುಟ್ಟ ಮದ್ದಿನ ಬಟ್ಟಲು (ಪ್ರೈಮರ್) ತಿನ್ನುತ್ತದೆ. ಗುಂಡಿಲ್ಲದಿದ್ದರೆ ಆ ಏಟೆಲ್ಲ ಪಿನ್ನಿಗೇ. ಅದೂ ಆ ಕಾಲದ ಉಕ್ಕು. ಜಪಾನಿನವರಿಗೆ ಇದು ಗೊತ್ತಿತ್ತು, ಚರ್ಮದ ಚೀಲದಲ್ಲೇ ಇನ್ನೊಂದು ಪಿನ್ನಿಗೆ ಜಾಗ ಹೊಲಿದು ಕೊಟ್ಟಿದ್ದರು! ಅದನ್ನು ಕಣ್ಣಾರೆ ನೋಡಿಯೂ ನನಗೆ ಹೊಳೆಯಲಿಲ್ಲ. ಬೇರೆ ಪಿನ್ ಸಿಕ್ಕಿತು, ನಂಬರ್ ಹೊಂದೋದಿಲ್ಲ. ಜಾಸ್ತಿ ಕೊಟ್ಟಿದ್ದ ದುಡ್ಡು ಅಲ್ಲಿಗೆ ನೀರುಪಾಲು.

ಅದಕ್ಕೇ ಹೇಳೋದು, ಟಕ್ಕೆನಿಸಿ ನೋಡೋಣ ಅನ್ನೋ ಆಸೆ ಇದ್ದರೆ ಕೊಳ್ಳಲೇಬೇಡಿ. ಲೂಗರ್ ಬೇಕಿದ್ದರೆ ಲೂಗರನ್ನೇ ತಗೊಳ್ಳಿ. ನಂಬುವಿನ ಸಂಬಂಧಿಕರನ್ನು ಹುಡುಕುವುದಾದರೆ ಜರ್ಮನಿ ಕಡೆ ಅಲ್ಲ, ಇಲ್ಲೇ ನೋಡಿ. ಅಮೆರಿಕಾದ ಬಂದೂಕು ತಯಾರಕ ಬಿಲ್ ರೂಗರ್ 1949ರಲ್ಲಿ ತಂದ ಮೊದಲ .22 ಪಿಸ್ತೂಲಿಗೆ ಇದೇ ಸ್ಫೂರ್ತಿ. ಎರಡರಲ್ಲೂ ಬೋಲ್ಟಿನ ಹಿಂದಿನ ತುದಿಯನ್ನು ಹಿಡಿದು ಎಳೆದರೆ ನಿಮಗೇ ತಿಳಿಯುತ್ತದೆ.

ಇನ್ನು ಟೈಪ್ 94. ಅದರ ಎಡಗಡೆ ಒಂದು ಪಟ್ಟಿ ಹೊರಗೇ ಕಾಣುತ್ತದೆ. ಪಿಸ್ತೂಲು ಸಜ್ಜಾಗಿದ್ದಾಗ ಅದನ್ನು ಒತ್ತಿದರೆ ಸಾಕು, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಶರಣಾಗುವ ನೆಪದಲ್ಲಿ ಎದುರಾಳಿಯನ್ನು ಕೊಲ್ಲೋಕೆ ಬೇಕಂತಲೇ ಹಾಗೆ ಮಾಡಿದ್ದರು ಅನ್ನೋದೆಲ್ಲ ಸುಮ್ನೆ ಕಟ್ಟುಕತೆ. ಆದರೂ ಮಕ್ಕಳಿರುವ ಮನೆಗೆ ನಾನಾದರೆ ಅದನ್ನು ತರೋದಿಲ್ಲ.