ದೀಕ್ಷಾಸ್ನಾನ ಆದ ಮೇಲೂ ಪಾಪಕ್ಕೆ ಬಿದ್ದಿದ್ದೇನೆ. ಮತ್ತೊಮ್ಮೆ ಮಾಡಿಸಿಕೊಳ್ಳಬೇಕಾ?

ಕ್ರಿಸ್ತನನ್ನು ನಂಬಿ ನೀರಿನಲ್ಲಿ ಮುಳುಗೋ ಆ ದೀಕ್ಷಾಸ್ನಾನದಲ್ಲಿ, ನೀರಿನಿಂದ ಮೇಲೆದ್ದಾಗ ಸಿಕ್ಕ ಸಮಾಧಾನ ಆರು ತಿಂಗಳೂ ಉಳಿಯಲಿಲ್ಲ ಅಂತ ಬರೆದಿದ್ದೀರಿ. ನನಗೆ ಅದು ಒಂದು ವಾರವೂ ಉಳಿಯಲಿಲ್ಲ. ನೀವು ಮಾಡಬೇಕಾ ಅಂತ ಕೇಳ್ತಿರೋದನ್ನ ನಾನು ಮಾಡಿಯೇ ಬಿಟ್ಟಿದ್ದೇನೆ. ಎರಡು ಸಲ ದೀಕ್ಷಾಸ್ನಾನ ಆದವನು ನಾನು.

ಅಪ್ಪ ಹಾಸಿಗೆ ಹಿಡಿದಾಗ ಜೊತೆಗಿದ್ದವನು ನಾನು. ಅಣ್ಣ ದೂರದಲ್ಲಿದ್ದ. ಔಷಧಿ ಖರ್ಚಿಗೆ ಅಂತ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ. ಅದರಲ್ಲಿ ಒಂದು ಪಾಲನ್ನು ನನ್ನ ಸಾಲಕ್ಕೆ ಕಟ್ಟಿದೆ. ಒಂದೆರಡು ತಿಂಗಳಲ್ಲ, 14 ತಿಂಗಳು. ಅಪ್ಪನಿಗೆ ಔಷಧಿ ತಪ್ಪಿಸಲಿಲ್ಲ, ಆದರೆ ಅಣ್ಣನಿಗೆ ಹೇಳಿದ ಲೆಕ್ಕ ಪ್ರತಿ ಸಲವೂ ಸುಳ್ಳು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಅಣ್ಣ ನನ್ನ ಕೈ ಹಿಡಿದು, "ನೀನಿದ್ದೀಯಾ ಅಂತ ನಾನು ಧೈರ್ಯವಾಗಿದ್ದೆ ಕಣೋ" ಅಂದ.

ಎರಡು ವರ್ಷ ಆದ ಮೇಲೆ ನಾನು ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟೆ. ಎಂಟು ದಿನ ಮುಂಚೆ ಪಾಸ್ಟರ್ ಕೂರಿಸಿಕೊಂಡು ಕೇಳಿದರು, "ಯಾರ ಹತ್ತಿರವಾದರೂ ಹೋಗಿ ಸರಿಮಾಡಿಕೊಳ್ಳೋದು ಬಾಕಿ ಇದೆಯಾ?" ನಾನು, "ಏನಿಲ್ಲ ಪಾಸ್ಟರ್, ಎಲ್ಲಾ ದೇವರ ಮುಂದೆ ಹೇಳಿಕೊಂಡಿದ್ದೇನೆ" ಅಂದೆ. ದೇವರ ಮುಂದೆ ಹೇಳಿಕೊಂಡಿದ್ದು ನಿಜ. ಅತ್ತಿದ್ದೂ ನಿಜ. ಅದಕ್ಕೇ ಆ ಉತ್ತರ ಸುಳ್ಳು ಅಂತ ನನಗೇ ಅನ್ನಿಸಲಿಲ್ಲ.

ಭಾನುವಾರ ಬಿಳಿ ಬಟ್ಟೆ ಹಾಕಿಕೊಂಡು ಚರ್ಚಿನಲ್ಲಿ ಸಭೆಯ ಮುಂದೆ ಸಾಕ್ಷಿ, ಅಂದರೆ ದೇವರು ನನ್ನನ್ನು ಬದಲಿಸಿದ ಕಥೆ, ಹೇಳಲು ನಿಂತೆ. "ಸ್ವಂತ ಅಣ್ಣನ ದುಡ್ಡು ತಿಂದವನು ನಾನು. ದೇವರು ನನ್ನನ್ನು ಕ್ಷಮಿಸಿದ್ದಾನೆ." ಜನ ಹಲ್ಲೆಲೂಯ ಅಂದರು. ಒಬ್ಬರು ಹಿರಿಯರು ಕಣ್ಣೊರೆಸಿಕೊಂಡರು. ನಮ್ಮ ದೂರದ ಸಂಬಂಧಿಕರೊಬ್ಬರು ಮೂರನೇ ಸಾಲಿನಲ್ಲಿ ಕೂತಿದ್ದರು. ಅವರನ್ನ ನಾನು ನೋಡಿದ್ದೆ ಕೂಡ.

ಗುರುವಾರ ಅಣ್ಣನ ಫೋನ್. "ಅಷ್ಟೂ ಜನಕ್ಕೆ ಹೇಳಿದ್ಯಂತೆ. ನನಗೆ ಯಾವಾಗ ಹೇಳ್ತೀಯಾ?" ಅಂದ. ನಾನು ಬಾಯಿ ತೆರೆಯೋ ಮೊದಲೇ ಇಟ್ಟುಬಿಟ್ಟ.

ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನ್ನ ತಪ್ಪು ದುಡ್ಡು ತಿಂದಿದ್ದು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ತಪ್ಪೇ. ಆದರೆ ಅಣ್ಣನನ್ನು ಕಳೆದುಕೊಂಡಿದ್ದು ಅದರಿಂದಲ್ಲ. ಮೊದಲು ಅವನ ಹತ್ತಿರ ಹೋಗಿ, ಆಮೇಲೆ ಸಭೆಯ ಮುಂದೆ ನಿಲ್ಲಬೇಕಿತ್ತು. ನಾನು ತಿರುಗಾಮುರುಗಾ ಮಾಡಿದೆ. ಅವನ ನೋವನ್ನ ನನ್ನ ಸಾಕ್ಷಿಗೆ ಬಳಸಿಕೊಂಡೆ. ಅವನಿಗೆ ಬೈಯೋಕೂ ಅವಕಾಶ ಕೊಡಲಿಲ್ಲ. ದೇವರೇ ಕ್ಷಮಿಸಿಬಿಟ್ಟಿದ್ದಾನೆ ಅಂತ ಮೈಕಿನಲ್ಲಿ ಸಾರಿದ ಮೇಲೆ ಇನ್ನು ಅವನು ಸಿಟ್ಟಾದರೆ ಅವನೇ ಕೆಟ್ಟವನಾಗುತ್ತಾನೆ, ಅಲ್ವಾ? ಪಾಸ್ಟರ್ ಕೇಳಿದಾಗ ನನ್ನ ಕೈಯಲ್ಲಿ ಇನ್ನೂ ಎಂಟು ದಿನ ಇತ್ತು. ಒಂದು ರಾತ್ರಿ ಬಸ್ಸು ಹತ್ತಿದ್ದರೆ ಸಾಕಿತ್ತು. ಬೈಬಲಿನ ಮತ್ತಾಯ 5ರಲ್ಲಿ ಯೇಸು ಹೇಳೋದೂ ಇದನ್ನೇ. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು. ಎಷ್ಟು ಸಲ ಓದಿದ್ದೆನೋ! ಸಹೋದರ ಅಂದರೆ ಸಭೆಯವರು ಅಂದುಕೊಂಡಿದ್ದೆ.

ಆಮೇಲೆ ನಿಮಗೆ ಬಂದಿರೋ ಯೋಚನೆಯೇ ನನಗೂ ಬಂತು. ಮೊದಲನೇದು ಸರಿಯಾಗಿ ಹತ್ತಿಲ್ಲ. ಬೇರೆ ಸಭೆಗೆ ಹೋಗಿ ಇನ್ನೊಂದು ಸಲ ಮುಳುಗಿದೆ. ಈ ಸಲ ನೀರು ಜಾಸ್ತಿ ತಣ್ಣಗಿತ್ತು. ಅಷ್ಟೇ ವ್ಯತ್ಯಾಸ.

ಹಾಗಾಗಿ ನನ್ನ ಉತ್ತರ: ಬೇಡ. ಶಿಶುವಾಗಿದ್ದಾಗ ಆದದ್ದು ಸಾಕಾ ಅನ್ನೋದು ಬೇರೆ ಚರ್ಚೆ. ಕಥೋಲಿಕರು, ಲೂಥರನರು ಸಾಕು ಅನ್ನುತ್ತಾರೆ, ಬ್ಯಾಪ್ಟಿಸ್ಟರು, ಪೆಂಟೆಕೊಸ್ತಲರು ಒಪ್ಪೋದಿಲ್ಲ. ನೀವು ಬುದ್ಧಿ ಬಂದ ಮೇಲೆ ನಂಬಿ ಮಾಡಿಸಿಕೊಂಡವರು, ನಿಮಗೆ ಆ ಗೊಂದಲವೇ ಇಲ್ಲ. ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸ ಪಟ್ಟಣದ ಸುಮಾರು ಹನ್ನೆರಡು ಮಂದಿಗೆ ಅಪೊಸ್ತಲ ಪೌಲನ ಕಾಲದಲ್ಲಿ ಮತ್ತೆ ಆಯ್ತಲ್ಲ ಅಂತ ಯಾರಾದರೂ ಹೇಳಬಹುದು. ಅವರಿಗೆ ಮೊದಲು ಆಗಿದ್ದು ಸ್ನಾನಿಕ ಯೋಹಾನನ ದೀಕ್ಷಾಸ್ನಾನ, ಯೇಸುವಿನ ಹೆಸರಿನಲ್ಲಲ್ಲ. ಅದು ನಿಮ್ಮ ಕಥೆಯಲ್ಲ.

ನಿಮ್ಮ ಕಥೆ ಯೇಸುವಿನ ಶಿಷ್ಯ ಪೇತ್ರನದು. ಯೇಸುವನ್ನು ಹಿಡಿದೊಯ್ದ ರಾತ್ರಿ ಇದ್ದಲಿನ ಬೆಂಕಿಯ ಪಕ್ಕ ನಿಂತು ಮೂರು ಸಲ ಅವನನ್ನು ಅರಿಯೆ ಅಂದ. ಯೇಸು ಸತ್ತು ಮತ್ತೆ ಎದ್ದು ಬಂದ ಮೇಲೆ ಇನ್ನೊಂದು ಇದ್ದಲಿನ ಬೆಂಕಿಯ ಪಕ್ಕ ಅವನಿಗೆ ಮೀನು, ರೊಟ್ಟಿ ಕೊಟ್ಟು, ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ. ಸಮುದ್ರ ಪಕ್ಕದಲ್ಲೇ ಇತ್ತು. ಪೇತ್ರ ಆಗಷ್ಟೇ ಅದರಲ್ಲಿ ಧುಮುಕಿ ಬಂದಿದ್ದ. ಮತ್ತೆ ಮುಳುಗು ಅಂತ ಯೇಸು ಹೇಳಲಿಲ್ಲ.

ದೀಕ್ಷಾಸ್ನಾನವನ್ನು ಪಾಪ ಅಳಿಸೋಕೆ ಒಂದೇ ಸಲ ಬಳಸೋ ರಬ್ಬರಿನ ಹಾಗೆ ನೋಡಿದರೆ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿ ಮಾಡಿದ್ದೇ ಸರಿ. 337ರಲ್ಲಿ, ಸಾಯುವ ಹೊತ್ತಿಗೆ ಮಾಡಿಸಿಕೊಂಡ. ಆದರೆ ಒಂದನೇ ಯೋಹಾನ 1:9 ಓದಿ. ಪಾಪಗಳನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಅನ್ನೋ ಆ ಮಾತು ಆಗಲೇ ನಂಬಿದವರಿಗೆ ಬರೆದದ್ದು. ನಂಬಿದವರೂ ಬೀಳುತ್ತಾರೆ ಅಂತ ಅದನ್ನು ಬರೆದವನಿಗೆ ಗೊತ್ತಿತ್ತು.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿದೆ, 'ಮನೆಯವರಿಗೂ ತುಂಬಾ ನೋವು ಕೊಟ್ಟೆ' ಅಂತ. ಅದನ್ನ ಹಾಗೇ ದಾಟಿ ನೀರಿನ ವಿಷಯಕ್ಕೆ ಬಂದಿದ್ದೀರಿ. ನಾನಾಗಿದ್ದರೆ ಆ ಸಾಲಿನಲ್ಲೇ ನಿಲ್ಲುತ್ತೇನೆ. ಯಾರು ಆ ಮನೆಯವರು? ಅವರಿಗೆ ಹೇಳಿದ್ದೀರಾ? ಸುಮ್ನೆ ಸಾರಿ ಅನ್ನೋದಲ್ಲ. ಏನು ಮಾಡಿದೆ, ಎಷ್ಟು ದಿನ ಮಾಡಿದೆ ಅಂತ. ಇದರಿಂದ ದೇವರ ಕ್ಷಮೆಯನ್ನು ಕೊಂಡುಕೊಳ್ಳೋಕೆ ಆಗುತ್ತೆ ಅಂತಲ್ಲ. ಸುಂಕ ವಸೂಲಿಗಾರ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದಿದ್ದು ಯೇಸು ತಾನಾಗಿ ಅವನ ಮನೆಗೆ ಬಂದ ಮೇಲೆ. ಆದರೆ ಅಂದನಲ್ಲ!

ನಾನು ಅಣ್ಣನ ಮನೆಗೆ ಹೋಗಲು ಎರಡನೇ ದೀಕ್ಷಾಸ್ನಾನ ಆಗಿ ಮತ್ತೆ ಒಂದು ವರ್ಷ ಬೇಕಾಯ್ತು. ಒಂದು ಹಾಳೆಯಲ್ಲಿ 14 ತಿಂಗಳನ್ನೂ ಸಾಲಾಗಿ ಬರೆದು, ಪಕ್ಕದಲ್ಲಿ ತೆಗೆದ ಮೊತ್ತ ಬರೆದಿದ್ದೆ. ಜೊತೆಗೆ ಮೊದಲ ಕಂತು. ಅವನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದ. ಕ್ಷಮಿಸಿದೆ ಅನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಜೇಬಿನಿಂದ ಪೆನ್ನು ತೆಗೆದು ಒಂಬತ್ತನೇ ಸಾಲನ್ನು ಹೊಡೆದು ಹಾಕಿದ.

"ಆ ತಿಂಗಳು ನಾನು ಕಳಿಸಿರಲೇ ಇಲ್ಲ. ಔಷಧಿ ನಿನ್ನ ದುಡ್ಡಲ್ಲೇ ಬಂದಿತ್ತು" ಅಂದ.