ನೆಟ್‌ವರ್ಕ್ ತೆವಳಿದಾಗ ಮೊದಲು ನೋಡಬೇಕಾದ್ದು

ಪ್ರಶ್ನೆ: ನಮ್ಮ ಅಡಿಕೆ ಮಂಡಿಯಲ್ಲಿ ಆರು ವಿಂಡೋಸ್ ಕಂಪ್ಯೂಟರ್, ಒಂದು ಲಿನಕ್ಸ್ ಸರ್ವರ್, ಒಂದು ಹಳೇ ನೆಟ್‌ವರ್ಕ್ ಪ್ರಿಂಟರ್ ಇವೆ. ಗಿಗಾಬಿಟ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಸೆಕೆಂಡಿಗೆ 1000 ಮೆಗಾಬಿಟ್ ವೇಗದಲ್ಲಿ ಜೋಡಿಸುವ ಪೆಟ್ಟಿಗೆ) ಹಾಕಿಸಿದ ಮೇಲೂ ಸರ್ವರ್‌ನಿಂದ ಫೈಲ್ ಬರುವುದು ತೀರಾ ನಿಧಾನ. ಪಿಂಗ್ (ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾತ್ರ ಸರಿಯಿದೆ. ಜಂಬೋ ಫ್ರೇಮ್ (ಒಂದು ಸಲಕ್ಕೆ ಕಳಿಸುವ ದತ್ತಾಂಶದ ಕಂತನ್ನು ದೊಡ್ಡದು ಮಾಡುವ ವ್ಯವಸ್ಥೆ) ಹಾಕಲೇ?
– ಓದುಗರು, ಸಾಗರ

ಉತ್ತರ: ಬೇಡ. ಪಿಂಗ್ ಸರಿಯಿದ್ದು ದೊಡ್ಡ ಫೈಲ್ ಮಾತ್ರ ಒದ್ದಾಡುತ್ತಿದ್ದರೆ ಮೊದಲ ಅನುಮಾನ ಡ್ಯೂಪ್ಲೆಕ್ಸ್ ಮೇಲೆ: ಫುಲ್ ಎಂದರೆ ಎರಡೂ ಕಡೆಯವರು ಒಟ್ಟಿಗೇ ಮಾತಾಡಬಹುದು, ಹಾಫ್ ಎಂದರೆ ಒಬ್ಬರಾದ ಮೇಲೆ ಒಬ್ಬರು. ಹಳೇ ಸ್ವಿಚ್ಚಿನ ಕಾಲದಲ್ಲಿ ಯಾರೋ ಸರ್ವರ್‌ನ ನೆಟ್‌ವರ್ಕ್ ಕಾರ್ಡನ್ನು ‘100 ಫುಲ್’ (100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್) ಎಂದು ಕಟ್ಟಿಹಾಕಿರುತ್ತಾರೆ. ಹೊಸ ಸ್ವಿಚ್ ಆಟೋದಲ್ಲಿರುತ್ತದೆ, ಎಂದರೆ ಎದುರು ತುದಿಯನ್ನು ವಿಚಾರಿಸಿ ತಾನೇ ಹೊಂದಿಕೊಳ್ಳಲು ನೋಡುತ್ತದೆ; ಕಟ್ಟಿಹಾಕಿದ ಕಾರ್ಡು ಉತ್ತರಿಸುವುದಿಲ್ಲ. ಅದಕ್ಕೆ ವೇಗ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ. ಹಾಗಾಗಿ ಹಾಫ್‌ಗೆ ಇಳಿಯುತ್ತದೆ. ಒಂದು ಕಡೆಯವರು ಕೇಳದೆ ಮಾತಾಡುತ್ತಾರೆ, ಇನ್ನೊಂದು ಕಡೆಯವರು ಡಿಕ್ಕಿಯಾಯಿತೆಂದು ಹಿಂದೆ ಸರಿಯುತ್ತಾರೆ. ಪಿಂಗ್ ಪುಟ್ಟದು, ನುಸುಳಿಕೊಂಡು ಹೋಗುತ್ತದೆ.

ಸರ್ವರ್‌ನಲ್ಲಿ ‘ಇಥ್‌ಟೂಲ್’ ಆದೇಶಕ್ಕೆ ಕಾರ್ಡಿನ ಹೆಸರು ಕೊಟ್ಟು ನೋಡಿ. ಅಲ್ಲಿ ‘ಫುಲ್’ ಎಂದು ಕಂಡ ಮಾತ್ರಕ್ಕೆ ಸಮಾಧಾನ ಬೇಡ, ಆಟೋ ನೆಗೋಷಿಯೇಷನ್ ಸಾಲು ‘ಆಫ್’ ಇದ್ದರೆ ಅದೇ ಕಳ್ಳ; ‘ಆನ್’ ಮಾಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್‌ನಿಂದ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್‌ನಲ್ಲಿ ಸ್ಪೀಡ್ ಮತ್ತು ಡ್ಯೂಪ್ಲೆಕ್ಸ್ ಅನ್ನು ಆಟೋಗೆ ಬಿಡಿ.

ಆಮೇಲೂ ವೇಗ 100ರಲ್ಲೇ ನಿಂತರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು. 100ಕ್ಕೆ 1, 2, 3, 6ನೇ ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಕನೆಕ್ಟರಿನ ಪಿನ್ ಹಸಿರುಗಟ್ಟುವುದು ಹೊಸದೇನಲ್ಲ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಕೇಬಲ್ ಅಪ್ಪಟ ತಾಮ್ರದ್ದೇ, ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮೇ ಎಂದೂ ಕೇಳಿ; ಎರಡನೆಯದು ಬೇಡ. ದೊಡ್ಡ ಫೈಲ್ ಸೆಕೆಂಡಿಗೆ 11 ಮೆಗಾಬೈಟ್‌ಗೆ ನಿಂತರೆ 100ರ ಲಿಂಕ್. ಗಿಗಾಬಿಟ್‌ನಲ್ಲಿ 110ರ ಹತ್ತಿರ ಬರಬೇಕು, ಡಿಸ್ಕ್ ಅಷ್ಟು ಕೊಟ್ಟರೆ.

ಪ್ರಿಂಟರ್ 100ರದ್ದಾದರೆ ಉಳಿದವಕ್ಕೆ ಅದರಿಂದ ತೊಂದರೆಯಿಲ್ಲ. ಜಂಬೋಗೆ ಮಾತ್ರ ಅದೇ ಅಡ್ಡಿ: 9000 ಬೈಟ್‌ನ ಫ್ರೇಮ್ ಅದಕ್ಕೆ ನುಂಗಲಾಗದು, ಸ್ವಿಚ್ ಒಡೆದು ಕೊಡುವುದೂ ಇಲ್ಲ, ಸದ್ದಿಲ್ಲದೆ ಬೀಳಿಸುತ್ತದೆ.

ಪ್ರಶ್ನೆ: ಫೈಬರ್ ಬಂದ ಮೇಲೆ ಕೆಲವು ಜಾಲತಾಣ ಅರ್ಧಕ್ಕೇ ನಿಲ್ಲುತ್ತವೆ. ರೂಟರ್‌ನಲ್ಲಿ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್‌ಗೆ ಸೇರುವ ವಿಧಾನ) ಇದೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಪಿಪಿಪಿಒಇ 8 ಬೈಟ್ ತಿನ್ನುತ್ತದೆ, 1500ರ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492ಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಪ್ಯಾಕೆಟ್ ದಾರಿಯಲ್ಲೇ ಬಿದ್ದರೆ ಪುಟ ಅರ್ಧಕ್ಕೇ ನಿಲ್ಲುತ್ತದೆ. ವಿಂಡೋಸ್ ಪಿಂಗ್‌ನಲ್ಲಿ ಒಡೆಯಬೇಡ ಎಂಬ ‘ಎಫ್’ ಆಯ್ಕೆಯೊಂದಿಗೆ ಗಾತ್ರ 1464 ಕೊಡಿ (ಮೇಲೆ 28 ಬೈಟ್ ಹೆಡರ್). ಅದು ಹೋಗಿ 1465 ಹೋಗದಿದ್ದರೆ ಲೆಕ್ಕ ಸರಿ. ರೂಟರ್‌ನಲ್ಲೇ ಎಂಟಿಯು 1492, ಎಂಎಸ್‌ಎಸ್ (ಹೆಡರ್ ಕಳೆದು ಪ್ಯಾಕೆಟ್‌ನಲ್ಲಿ ಹಿಡಿಯುವ ದತ್ತಾಂಶದ ಮಿತಿ) 1452 ಹಾಕಿ. ಒಂದೊಂದು ಕಂಪ್ಯೂಟರ್ ಮುಂದೆ ಕೂತು ಬದಲಿಸುತ್ತಾ ಹೋಗಬೇಡಿ.