ಮಗಳಿಗೆ ಬ್ಯಾರೆಲ್ ರೇಸಿಂಗ್ ಕುದುರೆ: ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಾವು ಮಂಡ್ಯ ಕಡೆಯವರು, ಈಗ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. 13 ವರ್ಷದ ಮಗಳು ಎರಡು ವರ್ಷದಿಂದ ಬ್ಯಾರೆಲ್ ರೇಸಿಂಗ್ ಕಲಿಯುತ್ತಿದ್ದಾಳೆ. ಮೂರು ಡ್ರಮ್ಮುಗಳನ್ನು ಸುತ್ತಿ ಬರುವ ಓಟ ಅದು. ಈಗ ಸ್ವಂತ ಕುದುರೆ ಬೇಕು ಅಂತಾಳೆ. ವೆದರ್‌ಫರ್ಡ್‌ನ ಒಬ್ಬರು ಕ್ವಾರ್ಟರ್ ಹಾರ್ಸ್ ಎಂಬ ತಳಿಯ ಆರು ವರ್ಷದ ಹೆಣ್ಣು ಕುದುರೆ ತೋರಿಸಿದರು. 15.8 ಸೆಕೆಂಡಿಗೆ ಓಡಿದೆಯಂತೆ. ನಮ್ಮ ಮುಂದೆಯೂ ಚೆನ್ನಾಗಿ ಓಡಿತು. ಇನ್ನೊಬ್ಬರು ಕಾಯುತ್ತಿದ್ದಾರೆ, ಈ ವಾರವೇ ಹೇಳಿ ಅನ್ನುತ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಅವಸರ ಬೇಡ ತಾಯಿ. ಆ ಇನ್ನೊಬ್ಬರು ಕೊಂಡರೆ ಕೊಳ್ಳಲಿ. ನಿಮ್ಮ ಕಡೆ ಕುದುರೆಗಳಿಗೆ ಬರವಿಲ್ಲ.

15.8 ಅನ್ನುವ ಅಂಕಿಯೊಂದರಿಂದಲೇ ಏನೂ ಗೊತ್ತಾಗುವುದಿಲ್ಲ. ಪೂರ್ಣ ಅಳತೆಯಲ್ಲಿ ಮೊದಲೆರಡು ಡ್ರಮ್ಮುಗಳ ನಡುವೆ 90 ಅಡಿ, ಅಲ್ಲಿಂದ ಮೂರನೆಯದಕ್ಕೆ 105 ಅಡಿ ಇರುತ್ತದೆ. ಅಲ್ಲಿ 17 ಸೆಕೆಂಡ್ ಒಳ್ಳೆಯ ಓಟ. ಲಾಸ್ ವೇಗಸ್‌ನಲ್ಲಿ ನಡೆಯುವ ರೋಡಿಯೋ ಕ್ರೀಡೆಯ ರಾಷ್ಟ್ರೀಯ ಫೈನಲ್ಸ್‌ನಲ್ಲಿ ಅಂಗಳ ಚಿಕ್ಕದು, 13 ಚಿಲ್ಲರೆ ಸೆಕೆಂಡಿಗೇ ಮುಗಿಯುತ್ತದೆ. ಅದಕ್ಕೇ ಎರಡು ಪ್ರಶ್ನೆ ಕೇಳಿ: ಓಡಿದ್ದು ಯಾವ ಅಂಗಳದಲ್ಲಿ? ಅವತ್ತು ಗೆದ್ದ ಕುದುರೆಯ ಸಮಯ ಎಷ್ಟು? ಎಷ್ಟೋ ಸ್ಪರ್ಧೆಗಳಲ್ಲಿ ಗೆದ್ದ ಸಮಯಕ್ಕಿಂತ ಎಷ್ಟು ಹಿಂದೆ ಅಂತ ನೋಡಿ ಕುದುರೆಗಳನ್ನು ವಿಭಾಗ ಮಾಡುತ್ತಾರೆ. ಒಂದು ಸೆಕೆಂಡ್ ಹಿಂದೆ ಬಿದ್ದರೆ ಸಾಮಾನ್ಯವಾಗಿ ಮೂರನೇ ವಿಭಾಗ, ಅಂದರೆ 3ಡಿ. ಪ್ರತಿಸಲ ತಕರಾರಿಲ್ಲದೆ ಓಡಿ 3ಡಿಯಲ್ಲಿ ನಿಲ್ಲುವ ಕುದುರೆ ನಿಮ್ಮ ಮಗಳಿಗೆ ಸಾಕು. ನಿಜ ಹೇಳಬೇಕೆಂದರೆ, ಆರು ವರ್ಷದ ಕುದುರೆ ಇನ್ನೂ ಕಲಿಯುತ್ತಿರುತ್ತದೆ. ಹುಡುಗಿಯೂ ಕಲಿಯುತ್ತಿದ್ದಾಳೆ. ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಗೊತ್ತಿರಬೇಕಲ್ವಾ? ನಾನಾದರೆ ಹತ್ತರಿಂದ ಹದಿನಾಲ್ಕು ವರ್ಷದ ಅನುಭವಸ್ಥ ಕುದುರೆ ಹುಡುಕುತ್ತೇನೆ.

ಇದನ್ನೇ ನೋಡಬೇಕು ಅಂತಿದ್ದರೆ ಇನ್ನೊಮ್ಮೆ ಹೋಗಿ, ಹೇಳಿದ್ದಕ್ಕಿಂತ ಅರ್ಧ ಗಂಟೆ ಮುಂಚೆ. ಮೈ ಬೆಚ್ಚಗಾಗಿ, ಎದೆ ಬೆವರಿದ್ದರೆ ಆಗಲೇ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ಕಾಲಿನ ಬಿಗಿತವೂ, ತುಂಟತನವೂ ಹಾಗೆ ಮರೆಯಾಗುತ್ತವೆ. ಕೊಟ್ಟಿಗೆಯಿಂದ ಹೊರಗೆ ತರುವುದು, ಜೀನು ಬಿಗಿಯುವುದು, ಮೊದಲ ಹತ್ತು ಹೆಜ್ಜೆ, ಎಲ್ಲವೂ ನಿಮ್ಮ ಕಣ್ಣೆದುರೇ ಆಗಲಿ. ಊರಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಆಮೇಲೆ ನಡೆಸಿ ನೋಡುತ್ತಾರಲ್ಲ, ಇಲ್ಲೂ ನಡಿಗೆಯೇ ಮುಖ್ಯ. ಗಟ್ಟಿ ನೆಲದ ಮೇಲೆ ನೇರವಾಗಿ ನಡೆಸಿ, ಎರಡೂ ಕಡೆಗೆ ಸುತ್ತು ಹಾಕಿಸಿ. ಆಮೇಲೆ ಮಗಳೇ ಹತ್ತಲಿ, ಸಾಧ್ಯವಾದರೆ ಬೇರೆ ಅಂಗಳದಲ್ಲಿ. ಬಾಗಿಲ ಹತ್ತಿರ ಬಂದು ಒಳಗೆ ಹೋಗಲು ಮುಷ್ಕರ ಹೂಡಿದರೆ, ತಿರುವಿನಲ್ಲಿ ಹಿಂಗಾಲ ಮೇಲೆ ಕೂರದೆ ಅಗಲವಾಗಿ ಹೋದರೆ, ಸುಮ್ನೆ ಹಟ ಅಂತ ಬಿಡಬೇಡಿ. ಎಷ್ಟೋ ಸಲ ಅದು ನೋವು. ಈ ಓಟದಲ್ಲಿ ಹಿಂಗಾಲಿನ ಹಾಕ್ ಕೀಲಿಗೆ ತುಂಬಾ ಭಾರ ಬೀಳುತ್ತದೆ.

ಹಣ ಉಳಿಸಲು ಹೋಗಬಾರದ ಜಾಗ ಒಂದೇ, ಪಶುವೈದ್ಯರ ಪರೀಕ್ಷೆ. ಮಾರುವವರ ಡಾಕ್ಟರ್ ಬೇಡ, ನಿಮ್ಮವರೇ ಬರಲಿ. ಕಾಲು ಮಡಚಿ ಹಿಡಿದು, ಬಿಟ್ಟ ತಕ್ಷಣ ಓಡಿಸಿ ನೋಡುತ್ತಾರೆ. ಗೊರಸು ಒತ್ತಿ ನೋಡುತ್ತಾರೆ. ಹಾಕ್ ಮತ್ತು ಮುಂಗಾಲಿನ ಗೊರಸಿನ ಎಕ್ಸ್‌ರೇ ತೆಗೆಸಿ. ರಕ್ತದ ಮಾದರಿಯನ್ನೂ ತೆಗೆಸಿಡಿ. ಬ್ಯೂಟ್ ಎಂಬ ನೋವಿನ ಔಷಧಿ ಕೊಟ್ಟಿದ್ದರೆ ಕುಂಟುವ ಕುದುರೆಯೂ ಅವತ್ತು ಸರಿಯಾಗಿ ನಡೆಯಬಹುದು. ಕೀಲಿಗೆ ಇಂಜೆಕ್ಷನ್ ಹಾಕಿಸಿದ್ದಾರಾ, ಯಾವಾಗ ಅಂತ ಕೇಳಿ. ಹಾಕಿಸಿದ್ದರೆ ಗಾಬರಿಯಾಗಬೇಡಿ, ಆದರೆ ಅದನ್ನು ಮುಚ್ಚಿಟ್ಟಿದ್ದರೆ ವಾಪಸ್ ಬನ್ನಿ.

ಕಾಗಿನ್ಸ್ ರಕ್ತಪರೀಕ್ಷೆಯ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ರೋಗ ಇದೆಯಾ ಅಂತ ನೋಡುವ ಪರೀಕ್ಷೆ) ವರದಿ ಒಂದು ವರ್ಷದ ಒಳಗಿನದಿರಲಿ. ನೋಂದಣಿ ಪತ್ರದಲ್ಲಿ ಬರೆದ ಬಣ್ಣ, ಮಚ್ಚೆ ಎದುರಿಗಿರುವ ಕುದುರೆಗೆ ಹೊಂದಬೇಕು, ಮಾಲೀಕರ ಹೆಸರು ಮಾರುವವರದ್ದೇ ಇರಬೇಕು. ಬಾಯಿಮಾತಿಗೆ ಹಣ ಕೊಡಬೇಡಿ. ಒಂದೆರಡು ವಾರ ಮನೆಯಲ್ಲಿಟ್ಟು ನೋಡುತ್ತೇವೆ ಅಂತಲೂ ಕೇಳಿ. ಒಪ್ಪಿದರೆ ಷರತ್ತುಗಳನ್ನೆಲ್ಲ ಬರೆಸಿಕೊಂಡು ಆಮೇಲೆ ಬೆಲೆ ಮಾತಾಡಿ.